ಊಟ ನಿಲ್ಲಿಸಿದ ತಾರೀಕು

ರೈಸಾ ಯೆಫಿಮೊವ್ನಾ ನಮ್ಮೂರಿನ ಸೇನಾ ವಲಯದ ಪ್ರಧಾನ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಟೈಪಿಸ್ಟ್ ಆಗಿದ್ದವಳು. ಕಮಾಂಡರ್ ಗದರಿದರೆ ಡಿವಿಜನ್‌ಗಳು ನಡುಗುತ್ತಿದ್ದವು. ಇವಳು ಗದರಿದರೆ ಕಮಾಂಡರೇ ತನ್ನ ಕರಡನ್ನು ತಿದ್ದಿಕೊಡುತ್ತಿದ್ದ.

ಒಬ್ಬನೇ ಮಗ ಗೆನ್ನಾದಿ ಕಡ್ಡಾಯ ಸೇವೆಗೆ ಹೊರಟಾಗ ಸಂಘಟನಾ ವಿಭಾಗದ ಕರ್ನಲ್ ಶುಬಿನ್ ಅವಳನ್ನು ಮುದ್ದಿನ ಹೆಸರಿನಿಂದ ಕರೆದು ಮಾತು ಕೊಟ್ಟಿದ್ದ. "ಚಿಂತೆ ಬಿಡಿ ರಾಯೆಚ್ಕಾ. ನಿಮ್ಮ ಹುಡುಗ ಇಲ್ಲೇ ಉಗ್ರಾಣದಲ್ಲಿ ಬೂಟು ಎಣಿಸ್ಕೊಂಡಿರ್ತಾನೆ."

ತೊಂಬತ್ನಾಲ್ಕರ ಡಿಸೆಂಬರಿನಲ್ಲಿ ಒಂದು ಗುಪ್ತ ಆದೇಶ ಇವಳ ಮೇಜಿಗೆ ಬಂತು. ಸಿಕ್ಕ ಸಿಕ್ಕ ಘಟಕಗಳಿಂದ ಹುಡುಗರನ್ನು ಹೆಕ್ಕಿ ಒಂದು ಬೆಟಾಲಿಯನ್ ಕಟ್ಟಿ, ಚೆಚನ್ಯಾದ ಯುದ್ಧಕ್ಕೆ ದಕ್ಷಿಣದ ವಲಯಕ್ಕೆ ಎರವಲು ಕೊಡಬೇಕು. ಗುಪ್ತ ಆದೇಶವನ್ನು ಒಬ್ಬಳು ಟೈಪ್ ಮಾಡಿದರೆ, ಹೆಸರುಗಳ ಅನುಬಂಧವನ್ನು ಇನ್ನೊಂದು ಕೋಣೆಯಲ್ಲಿ ಮತ್ತೊಬ್ಬಳು ಮಾಡುವುದು ಅಲ್ಲಿಯ ಪದ್ಧತಿ. ಹೆಸರುಗಳನ್ನು ನೋಡದ ರೈಸಾ ಆದೇಶವನ್ನು ಒಂದು ತಪ್ಪೂ ಇಲ್ಲದೆ ಟೈಪ್ ಮಾಡಿಕೊಟ್ಟಳು.

ಮಗನ ಕಾಗದ ನಿಂತಿತು. ಉಗ್ರಾಣದವರು "ಎರವಲು ಹೋಗಿದಾನೆ, ಅಲ್ಲಿ ಕೇಳಿ" ಎಂದರು. ದಕ್ಷಿಣದವರು "ನಮ್ಮ ಪಟ್ಟಿಲಿಲ್ಲ, ನಿಮ್ಮ ವಲಯದವನು" ಎಂದರು. ಶುಬಿನ್ ಅವಳ ಕೈಯ ಚಹಾ ಕುಡಿಯುತ್ತ, "ನಂಗೂ ಗೊತ್ತಿಲ್ಲ ರಾಯೆಚ್ಕಾ, ವಿಚಾರಿಸ್ತೀನಿ" ಎಂದ.

ಜನವರಿ ಕೊನೆಗೆ ಅವಳು ಗೇಟಿನ ಹೊರಗೆ ಬಂದಳು. ಮಕ್ಕಳ ಫೋಟೋ ಹಿಡಿದು ನಾವು ಹದಿನೈದು ತಾಯಂದಿರು ತಿಂಗಳಿಂದ ಅಲ್ಲಿ ಹಿಮದಲ್ಲಿ ನಿಂತಿದ್ದೆವು. ನನಗೆ ಮೈಯೆಲ್ಲ ಉರಿಯಿತು.

"ಓಹೋ, ಮಹಾರಾಣಿ! ನಮ್ಮನ್ನ ಕಂಡ್ರೆ ಕಿಟಕಿ ಪರದೆ ಎಳೀತಿದ್ರಲ್ಲ?"

"ಎಳೀತಿದ್ದೆ. ಬೈಯೋದು ಆಮೇಲೆ ಬೈಯಿ. ನೀವು ಬಡೀತಿರೋ ಬಾಗಿಲೇ ತಪ್ಪು ಕಣೇ. ಎರವಲು ಹೋದ ಸೈನಿಕನಿಗೂ ಗಂಜಿ ಹಾಕ್ಬೇಕಲ್ಲ? ಅವನ ಊಟದ ಚೀಟಿ ಜೊತೆಗೇ ಹೋಗುತ್ತೆ. ಅದರ ನಕಲು ಇಲ್ಲೇ, ರೇಷನ್ ವಿಭಾಗದಲ್ಲಿದೆ. ಅದು ಗುಪ್ತ ಅಲ್ಲ. ಬನ್ನಿ."

ರೇಷನ್ ವಿಭಾಗದ ದಡೂತಿ ಸಾರ್ಜೆಂಟ್ ನಮ್ಮ ಹಿಂಡು ನೋಡಿ ಹೆದರಿ ಫೈಲು ತೆಗೆದ. ನನ್ನ ಮಗನ ಹೆಸರಿತ್ತು. ಮುಂದೆ ಏನೂ ಬರೆದಿರಲಿಲ್ಲ, ಅಂದರೆ ಊಟ ಇನ್ನೂ ನಡೆದಿತ್ತು. ಗೆನ್ನಾದಿ ನಲವತ್ತೊಂದನೆಯವನು. ಅವನ ಹೆಸರಿನ ಮುಂದೆ: "ಜನವರಿ ಮೂರರಿಂದ ಊಟ ನಿಲ್ಲಿಸಲಾಗಿದೆ." ಕೆಳಗೆ ಶುಬಿನ್ ರುಜು, ಜನವರಿ ಒಂಬತ್ತು.

ಅಂದರೆ ಮೂರು ವಾರದಿಂದ ಗೊತ್ತಿದ್ದೇ ಚಹಾ ಕುಡಿದಿದ್ದ.

ಅವಳು ಅಳಲಿಲ್ಲ. ನೇರ ಅವನ ಕೋಣೆಗೆ ನುಗ್ಗಿದಳು, ಹಿಂದೆ ನಾವು.

"ಉಗ್ರಾಣ ಅಂದಿದ್ರಿ."

"ತಲೆ ಲೆಕ್ಕ ತುಂಬಿಸ್ಬೇಕಿತ್ತು ರಾಯೆಚ್ಕಾ. ಮೇಲಿನವರ ಹುಡುಗರನ್ನ ಮುಟ್ಟೋ ಹಾಗಿರ್ಲಿಲ್ಲ. ಅಷ್ಟಕ್ಕೂ ಆ ಆದೇಶ ಟೈಪ್ ಮಾಡಿದ್ದು ನೀವೇ ತಾನೆ?"

"ಹೂಂ, ನಾನೇ. ಹೆಣ ಎಲ್ಲಿದೆ?"

"ಅದು ದಕ್ಷಿಣ ವಲಯದ ಜವಾಬ್ದಾರಿ."

ರೇಷನ್ ವಿಭಾಗದ ಆ ಪಟ್ಟಿಯನ್ನು ಕಿತ್ತುಕೊಂಡೇ ನಾವು ಐವರು ದಕ್ಷಿಣದ ರೈಲು ಹತ್ತಿದೆವು. ಹದಿನಾರನೇ ದಿನ ಹೆಣ ತುಂಬಿದ್ದ ಒಂದು ಗೂಡ್ಸ್ ವ್ಯಾಗನ್ನಿನಲ್ಲಿ ಗೆನ್ನಾದಿ ಸಿಕ್ಕ, ಕಾಲಲ್ಲಿ ಬೂಟಿರಲಿಲ್ಲ, ಬರೀ ಕಾಲುಚೀಲ. ಶುಬಿನ್ ಮೇ ತಿಂಗಳಲ್ಲಿ ಜನರಲ್ ಆದ.