ಬೇಗೂರಿನಲ್ಲಿ ಬಿದ್ದ ಹೂ

ಶನಿವಾರ ಮಧ್ಯಾಹ್ನ ಮೈಸೂರು ಬಿಟ್ಟೆ. ಗುಂಡ್ಲುಪೇಟೆ ರಸ್ತೆಯ ಬೇಗೂರಿಗೆ ಇಪ್ಪತ್ತೆರಡು ರೂಪಾಯಿ ಟಿಕೆಟ್ಟು, ಒಂದೂವರೆ ಗಂಟೆಯ ದಾರಿ. ಹಳ್ಳಿಗಳಲ್ಲಿ ಮೊಬೈಲು ಆಗಷ್ಟೇ ಕಾಣಿಸಿಕೊಳ್ಳುತ್ತಿದ್ದ ಕಾಲ. ಮರುದಿನ ಗುಂಡ್ಲುಪೇಟೆಯಲ್ಲಿ ‘ದೇವರು ಮತ್ತು ವಿಜ್ಞಾನ’ ಕುರಿತು ನನ್ನ ಭಾಷಣವಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ಮನೆಗೆ ಬಂದು ದೇವರಿಗೆ ದೀಪ ಹಚ್ಚುವವನು ನಾನು. ಎರಡನ್ನೂ ಕೂಡಿಸುವ ವಾದವೊಂದು ಸಿಕ್ಕಿತ್ತು: ವಿಜ್ಞಾನ ಒಂದರ ಹಿಂದೊಂದು ಕಾರಣ ಹುಡುಕುತ್ತದೆ, ದೇವರು ಆ ಸಾಲಿನಲ್ಲಿ ಇನ್ನೊಂದು ಕಾರಣವಲ್ಲ, ಇಡೀ ಸಾಲು ನಿಂತಿರುವ ನೆಲ. ಹಾಗಾಗಿ ಎರಡಕ್ಕೂ ಜಗಳವಿಲ್ಲ. ಇದನ್ನೇ ಹದಿನಾಲ್ಕು ಹಾಳೆ ಬರೆದು ರಟ್ಟಿನ ಫೈಲಿಗೆ ಸೇರಿಸಿದ್ದೆ. ನನ್ನ ಜಂಬವೂ ಅದರೊಳಗೇ ಇತ್ತು.

ಬೇಗೂರಿನಲ್ಲಿ ಹಳೆಯ ಸಹಪಾಠಿ ಮಾದಪ್ಪನ ಮನೆಯಲ್ಲಿ ಉಳಿದೆ. ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು. ಬಡಿಸಿದ ಅವನ ಅಕ್ಕ ರಾಚಮ್ಮ ತಟ್ಟೆಯ ಅಂಚನ್ನು ಬೆರಳಿನಲ್ಲಿ ಮುಟ್ಟಿ ನೋಡಿಕೊಂಡೇ ಸಾರು ಬಿಟ್ಟರು. ಎರಡೂ ಕಣ್ಣಿಗೆ ಪೊರೆ. ಸೋಮವಾರ ಚಾಮರಾಜನಗರದಲ್ಲಿ ಕಣ್ಣಿನ ಶಿಬಿರವಿತ್ತು, ಆಪರೇಷನ್ನಿಗೆ ದುಡ್ಡು ಕೊಡಬೇಕಿರಲಿಲ್ಲ.

“ಅಮ್ಮನ್ನ ಒಂದ್ ಮಾತು ಕೇಳ್ಬುಡ್ತೀನಿ. ಹೂ ಕೊಟ್ರೆ ಓಗನ” ಎಂದರು ಅಕ್ಕ.

ಅಮ್ಮನೆಂದರೆ ಊರಾಚೆಯ ಮಾರಮ್ಮ. ಬೆಳಿಗ್ಗೆ ಮೂವರೂ ಹೋದೆವು. ಅಕ್ಕ ಎರಡು ಹೂ ನೀರಿಗೆ ಅದ್ದಿ, ತಡವರಿಸಿ, ಅಮ್ಮನ ಕಲ್ಲಿನ ಎರಡೂ ಭುಜಕ್ಕೆ ಅಂಟಿಸಿ ಕೂತರು. ಬಲಗಡೆಯ ಹೂ ಮೊದಲು ಬಿದ್ದರೆ ಅಪ್ಪಣೆಯಾದಂತೆ, ಎಡಗಡೆಯದಾದರೆ ಬೇಡವೆಂದು. ಮುಕ್ಕಾಲು ಗಂಟೆಯಾದರೂ ಯಾವುದೂ ಬೀಳಲಿಲ್ಲ. ನಾನು ಸುಮ್ಮನಿರಲಾರದೆ, ನೀರು ಆರಿದರೆ ಹೂ ತಾನಾಗಿ ಬೀಳುತ್ತದೆಂದು ವಿವರಿಸಿದೆ.

“ಅದು ನಂಗೂ ಗೊತ್ತು ಕಣಪ್ಪ, ಒದ್ದೆ ಮಾಡಿ ಅಂಟ್ಸಿದ್ದು ನಾನೇ ಅಲ್ವಾ? ಯಾವ್ದು ಮೊದ್ಲು ಆರ್ಬೇಕು ಅನ್ನೋದ ಅವ್ಳು ನೋಡ್ಕತಾಳೆ.”

ನನ್ನ ಹದಿನಾಲ್ಕು ಹಾಳೆಯ ಸಾರವೂ ಅಷ್ಟೇ. ಆಗ ಹೊಳೆಯಲಿಲ್ಲ. “ಗಾಳಿಗೂ ಬೀಳುತ್ತೆ ಅಕ್ಕ” ಎಂದು ಫೈಲಿನಿಂದ ಎರಡು ಸಲ ಬೀಸಿದೆ. ವಿಜ್ಞಾನ ತೋರಿಸುತ್ತಿದ್ದೇನೆಂದು ಅಂದುಕೊಂಡೆ. ನಿಜವಾಗಿ ನನಗೆ ಬಸ್ಸಿಗೆ ಹೊತ್ತಾಗಿತ್ತು. ಒಂದು ಹೂ ಬಿತ್ತು.

“ಯಾವ ಕಡೀದು?” ಅಕ್ಕ ಕೇಳಿದರು.

“ಎಡಗಡೇದು. ಆದ್ರೆ ನಾನು ಗಾಳಿ ಹಾಕಿದ್ದಕ್ಕೆ ಬಿತ್ತು ಅಕ್ಕ, ಅದು ಲೆಕ್ಕಕ್ಕಿಲ್ಲ.”

“ಗಾಳಿ ನೀನೇ ಆಕಿರ್ಬೋದು. ಇವತ್ತೇ, ಇಲ್ಲಿಗೇ ನಿನ್ನ ಕರ್ಕಬಂದೋರ್ಯಾರು? ಬುಡು, ಅಮ್ಮಂಗೆ ಇಷ್ಟ ಇಲ್ಲ.”

ಅಲ್ಲವೆನ್ನಲು ಹೋದರೆ ಫೈಲಿನಲ್ಲಿದ್ದುದನ್ನೆಲ್ಲ ಹರಿದುಹಾಕಬೇಕಿತ್ತು.

“ನಿನ್ ಕೈ ಸುಮ್ನಿರಾಕಿಲ್ವೇನ್ಲಾ?” ಎಂದ ಮಾದಪ್ಪ. ಬಸ್‌ಸ್ಟಾಪಿನವರೆಗೂ ಅವನು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ.

ಗುಂಡ್ಲುಪೇಟೆಯ ಸಭೆಯಲ್ಲಿ ಚಪ್ಪಾಳೆಗೇನೂ ಕೊರತೆಯಾಗಲಿಲ್ಲ. ಕೊನೆಗೆ ಈರುಳ್ಳಿ ಮಂಡಿಯ ಹಿರಿಯರೊಬ್ಬರು ಎದ್ದು, “ಎಲ್ಲಾದ್ರ ಹಿಂದೂ ದೇವ್ರೇ ಅಂದ್ರೆ, ಮನುಸ ಮಾಡೋ ತಪ್ಪು ಯಾರ್ದು ಸಾ?” ಎಂದರು. ಉತ್ತರ ನನಗೆ ಗೊತ್ತಿತ್ತು. ತಪ್ಪು ಮಾಡಿದವನದು. ಅದನ್ನು ಹೇಳಿದ್ದರೆ ಬೆಳಗಿನ ಕಥೆಯನ್ನೂ ಹೇಳಬೇಕಾಗುತ್ತಿತ್ತು. ಸಮಯ ಮೀರಿದೆಯೆಂದು ಕೂತುಬಿಟ್ಟೆ. ಹೊದಿಸಿದ ಶಾಲು ಮೈಗೆ ಚುಚ್ಚುತ್ತಿತ್ತು.

ಮೂರು ಗಂಟೆಯ ಬಸ್ಸು ಹತ್ತಿದೆ. ಮೈಸೂರಿಗೆಂದು ಟಿಕೆಟ್ಟು ತೆಗೆದವನು ಬೇಗೂರಿನಲ್ಲೇ ಇಳಿದೆ. ಅಕ್ಕ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

“ತಪ್ಪು ನನ್ನದು ಅಕ್ಕ, ಅಮ್ಮನದಲ್ಲ. ಇನ್ನೊಂದು ಸಲ ಕೇಳಿ. ನಾಳೆ ಚಾಮರಾಜನಗರಕ್ಕೆ ನಾನೇ ಕರೆದುಕೊಂಡು ಹೋಗ್ತೀನಿ.”

“ಒಂದ್ ಮಾತ್ನ ಎಲ್ಡ್ ಸಲ ಕೇಳ್ಬಾರ್ದು ಕಣಪ್ಪ. ಬರೋ ವರ್ಷ ಕೇಳನ. ನಿನ್ ಮ್ಯಾಲೆ ನಂಗೇನೂ ಬೇಜಾರಿಲ್ಲ.”

ಬೈದಿದ್ದರೆ ಎಷ್ಟೋ ಮೇಲಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಎತ್ತಿದ್ದರೂ ಅವರಿಗೆ ಕಾಣುತ್ತಿರಲಿಲ್ಲ.

ಬೇಡವೆಂದರೂ ಅಕ್ಕ ತಮ್ಮನ ಕೈ ಹಿಡಿದು ಹೆದ್ದಾರಿಯವರೆಗೆ ಬಂದರು. ಅವರೆಕಾಯಿ ತುಂಬಿದ ಚೀಲವೊಂದನ್ನು ನನ್ನ ಕೈಗಿಟ್ಟು, “ಬೋರ್ಡು ನೋಡ್ಕಂಡು ಬಸ್ ಅತ್ಕೊ” ಎಂದರು. ಬಸ್ಸು ಬಂತು. ಹತ್ತಿ ಹಿಂದಿನ ಕಿಟಕಿಯಿಂದ ನೋಡಿದೆ. ಅಕ್ಕ ನಗುತ್ತ ಕೈ ಬೀಸುತ್ತಿದ್ದರು, ನಮ್ಮ ಹಿಂದೆ ಬಂದ ಈರುಳ್ಳಿ ಲಾರಿಗೆ.