ಬದರಿಗೆ ಬೇಕಾಗಿದ್ದ ಜಗಳ

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಬದರೀನಾರಾಯಣನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅದಕ್ಕೇ ಯಾರಾದರೂ ಅವನನ್ನು ದೊಡ್ಡ ಸಾಹಿತಿ ಎಂದು ಹೊಗಳಿದರೆ ನನಗೆ ಮೈ ಉರಿಯುತ್ತದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದುಕೊಂಡೇ ಅವನು ಗಣೇಶೋತ್ಸವದ ನಾಟಕಗಳಿಗೆ ಹಾಡು ಬರೆಯುತ್ತ ಬರೆಯುತ್ತ ಹಾಸ್ಯ ಚಿತ್ರಗಳಿಗೆ ಹಾಡು, ಸಂಭಾಷಣೆ ಬರೆಯುವವನಾದ. ಅವು ಥಿಯೇಟರಿಗೆ ಬರುವ ಮೊದಲೇ ನಾನು ಗೋಡೆಯಾಚೆಯಿಂದ ಕೇಳಿರುತ್ತಿದ್ದೆ, ಅದೂ ಅವನ ಹೆಂಡತಿ ಆಂಡಾಳ್ ಬಾಯಲ್ಲಿ. ಅವಳು ರೇಗಿದರೆ ಮಾತು ಪುಂಖಾನುಪುಂಖ. ಇವನು ತಲೆ ತಗ್ಗಿಸಿ ಬೈಸಿಕೊಳ್ಳುತ್ತ ಏನೋ ಗೀಚಿಕೊಳ್ಳುತ್ತಿದ್ದ. ಸಿನಿಮಾಕ್ಕೇ ಹೋಗದ ಆಂಡಾಳ್, ಬ್ಯಾಂಕಿನ ಕೆಲಸ ಇರಬೇಕು ಎಂದುಕೊಂಡಿದ್ದಳು.

ತೊಂಬತ್ತೇಳರಲ್ಲಿ ಗುಟ್ಟು ಬಯಲಾಯಿತು. ಬದರಿ ತಂದಿದ್ದ ಬದನೆಕಾಯಿ ಹೆಚ್ಚುತ್ತ ಅವಳು ಒಂದು ದಿನ, "ಒಂದೊಂದ್ರೊಳ್ಗೂ ಒಂದೊಂದು ಹುಳ ಸಂಸಾರ ಹೂಡಿದೆ. ಅದಕ್ಕಿರೋ ಜವಾಬ್ದಾರಿ ನಿಮಗಿಲ್ವಲ್ಲ!" ಎಂದಿದ್ದಳು. ಅದೇ ಹಾಡಾಗಿ ಊರೆಲ್ಲ ಹಬ್ಬಿತು. ವಿಶ್ವೇಶ್ವರಪುರಂನಲ್ಲಿ ನೆಂಟರ ಮದುವೆಗೆ ಹೋದರೆ ಓಲಗದವರೂ ಅದನ್ನೇ ನುಡಿಸಿದರು. ಹೆಂಗಸರು ಅವಳನ್ನು ನೋಡಿ ಸೆರಗಿನ ಮರೆಯಲ್ಲಿ ನಕ್ಕರು. ಆಂಡಾಳಿಗೆ ಅಳುವೇ ಬಂತು. ಮನೆಗೆ ಬಂದವಳೇ, "ಇನ್ಮೇಲೆ ನಿಮ್ಮ ಹತ್ರ ಜಗಳ ಆಡಲ್ಲ" ಎಂದಳು.

ಅಂದಂತೆಯೇ ನಡೆದಳು. ಊಟಕ್ಕೆ ಬನ್ನಿ, ನೀರು ಕಾದಿದೆ, ಅಷ್ಟೇ ಮಾತು. ನಮ್ಮ ಮನೆಯೂ ಬಿಕೋ ಎನ್ನತೊಡಗಿತು. ಅತ್ತ ಬದರಿ ಹೊಸ ಚಿತ್ರಕ್ಕೆ ಗಂಡ ಹೆಂಡತಿ ಜಗಳವಾಡುವ ಹಾಡು ಬರೆಯಬೇಕಿತ್ತು. ಬರೆದದ್ದನ್ನೆಲ್ಲ ನಿರ್ದೇಶಕ ಪಂಚಾಕ್ಷರಯ್ಯ ವಾಪಸ್ ಕೊಟ್ಟ.

"ಇಷ್ಟು ಮರ್ಯಾದೆಯಾಗಿ ಯಾರು ಜಗಳ ಆಡ್ತಾರೆ, ಸ್ವಾಮಿ? ನಾಳೆ ಮಧ್ಯಾಹ್ನದೊಳಗೆ ಕೊಡ್ಲಿಲ್ಲ ಅಂದ್ರೆ ಬೇರೆಯವರ ಹತ್ರ ಬರೆಸ್ತೀನಿ" ಎಂದು ಬಾಗಿಲಲ್ಲೇ ನಿಂತು ಹೇಳಿಹೋದ. ಒಳಗಿದ್ದ ಆಂಡಾಳಿಗೂ ಅದು ಕೇಳಿಸಿತ್ತು.

ಮರುದಿನ ಬೆಳಿಗ್ಗೆ ಬದರಿ ರಜೆ ಹಾಕಿ ಕೂತ. ಒಂದು ಸಾಲು ಬರೆಯುವುದು, ಹರಿಯುವುದು. ಮುಂದಿಟ್ಟ ಕಾಫಿ ಆರಿಹೋಗಿತ್ತು. ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ಇಣುಕಲು ಹೋದ ನನಗೂ, ಸುಳ್ಳೇಕೆ, ಅಯ್ಯೋ ಪಾಪ ಅನಿಸಿತು. ಆಂಡಾಳ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ನಿನ್ನೆ ಕೊಡೇನ ಬಸ್ಸಲ್ಲೇ ಬಿಟ್ಟು ಬಂದ್ರಿ," ಎಂದು ನಿಲ್ಲಿಸಿದಳು. "ನಾಳೆ ನನ್ನನ್ನೂ ಬಿಟ್ಟು ಬರ್ತೀರಿ." ಮತ್ತೆ ನಿಲ್ಲಿಸಿದಳು. "ಇದ್ಯಾರದು ಅಂತ ಕಂಡಕ್ಟ್ರು ಕೇಳಿದ್ರೆ, ಎಲ್ಲೋ ನೋಡಿದ ಹಾಗಿದೆ ಅಂತೀರಿ."

ಬದರಿ ಪೆನ್ನು ಹಿಡಿದು ಹಾಗೇ ಕೂತಿದ್ದ. ಅವನ ಕಣ್ಣು ತುಂಬಿತ್ತು.

"ನನ್ನ ಮುಖ ಏನ್ ನೋಡ್ತೀರಿ? ಬರ್ಕೊಳ್ಳಿ," ಎಂದಳು ಆಂಡಾಳ್. "ಪಲ್ಲವಿ ಆಯ್ತು. ಚರಣಕ್ಕೆ ನಿಮ್ಮಮ್ಮನ್ನ ತರ್ತೀನಿ."