ಸ್ಕೇಲ್ ಹಿಡಿದು ಬರೆದ ಬಾಣ

ನಿವೃತ್ತಿಯಾದ ಮೇಲೂ ಮಂಗಳವಾರ ಮತ್ತು ಶುಕ್ರವಾರ ಹತ್ತು ಗಂಟೆಗೆ ಸರಿಯಾಗಿ ನಾನು ನಿಗಡಿಯ ಮನೆಯಿಂದ ನಮ್ಮ ಹಳೆಯ ಪ್ರಯೋಗಾಲಯಕ್ಕೆ ಹೋಗುತ್ತೇನೆ. ಕೊಂಕಣದ ಖಾಡಿಗಳಲ್ಲಿ, ಸಮುದ್ರ ಒಳಬರುವ ಹಿನ್ನೀರುಗಳಲ್ಲಿ, ಕೆಸರಿಗೆ ಇಳಿಸಿ ತೆಗೆದ ಪೈಪುಗಳನ್ನು ಸಾಲಾಗಿ ನಿಲ್ಲಿಸಿ, ಸಂಖ್ಯೆ ಹಾಕಿ, ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಪೈಪನ್ನು ಉದ್ದಕ್ಕೆ ಸೀಳಿದರೆ ಒಳಗಿನ ಕೆಸರಿನ ಪದರಗಳು ಕಾಣುತ್ತವೆ: ಕೆಳಗಿನದು ಹಳೆಯದು, ಮೇಲಿನದು ಈಚಿನದು. ಕಪ್ಪು ಕೆಸರಿನ ನಡುವೆ ಸಮುದ್ರದ ಮರಳು ಸಿಕ್ಕರೆ ಎಂದೋ ದೊಡ್ಡ ಅಲೆ ಒಳಗೆ ನುಗ್ಗಿರಬಹುದು.

ಆ ಶುಕ್ರವಾರ ಬೆಳಗಾವಿ ಕಡೆಯ ಸಂಶೋಧಕಿಯೊಬ್ಬಳ ಪೈಪು ಮೇಜಿನ ಮೇಲಿತ್ತು. ಒಂದು ಹಳ್ಳಿಯವರು ತೀರದ ಹತ್ತಿರ ಶಾಲೆ ಕಟ್ಟಬಹುದೇ ಎಂದು ಕೇಳಿದ್ದರು. ಸೋಮವಾರ ಅವಳು ಉತ್ತರ ಕೊಡಬೇಕಿತ್ತು. ಮರಳು ತಳದಲ್ಲಿದೆ, ಬಹಳ ಹಳೆಯದು, ಹೆದರಬೇಕಿಲ್ಲ ಎಂದು ವರದಿ ಬರೆದಿಟ್ಟಿದ್ದಳು.

ನನಗೆ ಆ ಮರಳು ಸರಿಕಾಣಲಿಲ್ಲ. ಅಲೆ ದಪ್ಪ ಮರಳನ್ನು ಮೊದಲು ಬಿಡುತ್ತದೆ, ಸಣ್ಣದನ್ನು ಆಮೇಲೆ. ಇಲ್ಲಿ ದಪ್ಪದ್ದು ಮೇಲಿತ್ತು. ಹುಡುಗಿ ಕಿವಿಗೆ ಫೋನ್ ಹಚ್ಚಿಕೊಂಡೇ ಕೆಲಸ ಮಾಡುವವಳು. ತೆಗೆದ ಕತ್ತರಿಯನ್ನು ಮತ್ತೆ ಅದರ ಜಾಗದಲ್ಲಿ ಇಟ್ಟದ್ದನ್ನು ನಾನು ನೋಡಿಲ್ಲ. ನನ್ನ ಸಂಶಯ ನೇರ ಅವಳ ಮೇಲೆ ಹೋಯಿತು. ಭೂತಗನ್ನಡಿ ಹಿಡಿದು ಕೆಸರಿನೊಳಗಿನ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರು ನೋಡಿದೆ. ಬೇರು ಕೆಳಗೆ ಹೋದಂತೆ ಸಣ್ಣದಾಗಬೇಕು. ಇವು ಮೇಲಕ್ಕೆ ಹೋದಂತೆ ಸಣ್ಣವಾಗಿದ್ದವು.

"ತಂಗೀ, ಪೈಪು ತಲಿಕೆಳಗ ಮಾಡೀಯಲ್ಲ?"

"ಇಲ್ರೀ ಅಕ್ಕಾವ್ರ. ಮ್ಯಾಲಿನ ತುದಿ ತೋರ್ಸೋ ಬಾಣದ ಗುರ್ತು ನೋಡೇ ಸೀಳೀನಿ."

"ಮತ್ತ ನಿಮ್ಮೂರಾಗ ಬೇರು ಆಕಾಶಕ್ಕ ಬೆಳೀತಾವೇನು?"

ಅವಳು ನಗಲಿಲ್ಲ. ಪೈಪಿನ ಹೊರಮೈಯನ್ನು ನನ್ನ ಕಡೆ ತಿರುಗಿಸಿದಳು. "ಈಗ ನೋಡಿದ್ರ ಈ ಬಾಣ ನನ್ನ ಕೈದಲ್ರಿ. ನಂದು ಉಪ್ಪುನೀರಿಗೆ ಅಳಿಸಿಹೋಗಿರಬೇಕು. ನಾ ಎಂದೂ ಸ್ಕೇಲ್ ಹಿಡಿದು ಬಾಣ ಬರಿಯಂಗಿಲ್ಲ."

ಸ್ಕೇಲ್ ಹಿಡಿದು ಬರೆಯುವವಳು ಆ ಕಟ್ಟಡದಲ್ಲಿ ನಾನೊಬ್ಬಳೇ.

ಪೈಪಿನ ಎರಡೂ ತುದಿಗೆ ಮುಚ್ಚಳ ಹಾಕಿರುತ್ತಾರೆ; ನಮ್ಮಲ್ಲಿ ಕೆಂಪು ಮುಚ್ಚಳ ಎಂದರೆ ಮೇಲ್ತುದಿ. ಅದು ನಾನೇ ಮಾಡಿದ ನಿಯಮ. ಪೈಪುಗಳು ಬಂದ ದಿನ ಯಾರನ್ನೂ ಕೇಳದೆ ಕೆಂಪು ಮೇಲೆ ಮಾಡಿ ನಿಲ್ಲಿಸಿ ಬಾಣ ಬರೆದಿದ್ದೆ.

"ಖಾಡ್ಯಾಗ ನೀವು ಕೆಂಪು ಕೆಳಗ ಹಾಕಿದ್ರೇನು?" ಎಂದು ಕೇಳಿದೆ.

"ಹೌದ್ರಿ. ಅವು ಭಾಳ ಬಿಗಿ ಕೂಡ್ತಾವ. ಕೆಸರು ಜಾರಬಾರದಂತ."

ಪೈಪು ತಿರುಗಿಸಿದೆವು. ಮರಳು ಮೇಲ್ತುದಿಯ ಹತ್ತಿರ ಬಂತು. ಸುನಾಮಿಯದೋ, ಬಿರುಗಾಳಿಯ ಅಲೆಯದೋ ಇನ್ನೂ ನೋಡಬೇಕು. ಆದರೆ ಅವಳು ಬರೆದಷ್ಟು ಹಳೆಯದಂತೂ ಅಲ್ಲ. ಅವಳು ಆಗಲೇ ಹಳ್ಳಿಗೆ ಫೋನ್ ಹಚ್ಚಿ, ಈಗಲೇ ಪಾಯ ತೋಡಬೇಡಿ ಎಂದು ಮರಾಠಿಯಲ್ಲಿ ಹೇಳಿದಳು. ಯಾರ ತಪ್ಪು ಎಂದು ಹೇಳಲಿಲ್ಲ. ರಿಜಿಸ್ಟರಿನಲ್ಲಿ ಅದನ್ನು ನಾನೇ ಬರೆದು ಸಹಿ ಹಾಕಿದೆ.

ಅದೇ ಖಾಡಿಯ ಇನ್ನೂ ಹನ್ನೊಂದು ಪೈಪುಗಳು ನನ್ನ ನೆಟ್ಟನೆಯ ಬಾಣಗಳೊಂದಿಗೆ ಸ್ಟ್ಯಾಂಡಿನಲ್ಲಿದ್ದವು. ಮೊದಲನೆಯದನ್ನು ತೆಗೆದು ಅವಳ ಕೈಗೆ ಕೊಟ್ಟು, "ಇದನ್ನೂ ತಿರುವಬೇಕು" ಎಂದೆ.

"ತಡೀರಿ ಅಕ್ಕಾವ್ರ," ಎಂದು ಭೂತಗನ್ನಡಿ ಎಳೆದುಕೊಂಡಳು. "ಮೊದಲ ಸೀಳೂಣು. ಬೇರು ಏನ್ ಹೇಳ್ತದ ನೋಡ್ತೀನಿ."